ಓ-ಯು-ಜಿ-ಎಚ್ ಇರುವ ಇಂಗ್ಲಿಷ್ ಪದಗಳು: ಓದುವ ದಾರಿ, ನೆನಪಿಡುವ ದಾರಿ

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸಂಜೆ ನಮ್ಮ ಮನೆಗೆ ಇಂಗ್ಲಿಷ್ ಓದಲು ಬರುತ್ತಾಳೆ. ಒಂದು ದಿನ ಪಾಠದಲ್ಲಿ ಬರಗಾಲ ಅನ್ನುವ ಅರ್ಥದ ಪದ ಬಂತು. ಅದನ್ನು ‘ಡ್ರಾಟ್’ ಎಂದು ಓದಿದಳು. ಸರಿಯಾದ ಉಚ್ಚಾರ ‘ಡ್ರೌಟ್’. ಹಾಗೇಕೆ ಓದಿದೆ ಅಂತ ಕೇಳಿದೆ. “ಥಾಟ್, ಬಾಟ್, ಬ್ರಾಟ್ ಎಲ್ಲ ಹೀಗೇ ಮುಗಿಯುತ್ತಲ್ವಾ, ಅದಕ್ಕೆ” ಅಂದಳು. ಯಾರೂ ಹೇಳಿಕೊಡದ ನಿಯಮವನ್ನು ಅವಳು ತಾನೇ ಕಂಡುಕೊಂಡಿದ್ದಳು. ನಿಯಮ ಸರಿಯಾಗಿಯೇ ಇತ್ತು. ಅದಕ್ಕೆ ಹೊರತಾದ ಒಂದೆರಡು ಪದಗಳಲ್ಲಿ ಒಂದು ಅವಳಿಗೆ ಎದುರಾಗಿತ್ತು, ಅಷ್ಟೇ.

ಕನ್ನಡ ಓದಿ ಬೆಳೆದವರು ಅಕ್ಷರವನ್ನು ನಂಬುತ್ತಾರೆ. ‘ಕ’ ಬರೆದಿದ್ದರೆ ‘ಕ’ ಅಂತಲೇ ಓದುತ್ತಾರೆ. ಆ ನಂಬಿಕೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿನ್ನುವುದು ಓ, ಯು, ಜಿ, ಎಚ್ ಸಾಲಾಗಿ ಬರುವ ಪದಗಳಲ್ಲಿ. ಟಫ್, ದೋ, ಥ್ರೂ, ಥಾಟ್ ಕೇಳಲು ಬೇರೆ ಬೇರೆ. ಬರೆದು ನೋಡಿದರೆ ನಾಲ್ಕರಲ್ಲೂ ಅದೇ ನಾಲ್ಕು ಅಕ್ಷರ. ಬ್ರಿಟಿಷ್ ಉಚ್ಚಾರ ಹಿಡಿದು ಎಣಿಸಿದರೆ ಈ ಗುಂಪಿಗೆ ಎಂಟು ದನಿಗಳಿವೆ. ಆದರೆ ದಿನಬಳಕೆಯ ಪದಗಳು ಮೂವತ್ತೂ ಆಗುವುದಿಲ್ಲ. ಒಂದು ವಾರ ದಿನಕ್ಕೆ ಹದಿನೈದು ನಿಮಿಷ ಕೂತರೆ ಕೈವಶ ಆಗುತ್ತವೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಇಲ್ಲಿ ನಾನು ಉಚ್ಚಾರವನ್ನು ಕನ್ನಡದಲ್ಲಿ ಬರೆಯುತ್ತೇನೆ, ಮೊದಲ ಅಕ್ಷರಗಳನ್ನು ಹೇಳುತ್ತೇನೆ. ಇಂಗ್ಲಿಷ್ ಸ್ಪೆಲ್ಲಿಂಗನ್ನು ನೀವೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕೈಯಿಂದ ಬರೆದದ್ದೇ ನೆನಪಿನಲ್ಲಿ ನಿಲ್ಲುವುದು.

ಮೊದಲು: ಆ ಜಿ-ಎಚ್ ಅಲ್ಲಿ ಯಾಕಿದೆ?

ಇದನ್ನು ಬಿಟ್ಟು ಸೀದಾ ಪಟ್ಟಿಗೆ ಹೋಗಬೇಡಿ. ಕಾರಣ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಗಂಟಲ ಬುಡದಿಂದ ಉಜ್ಜಿಕೊಂಡು ಬರುವ ಒಂದು ದನಿ ಇತ್ತು. ಉರ್ದು ಮಾತಾಡುವವರು ‘ಖಬರ್’ ಅನ್ನುವಾಗ ಬರುವ ಖ ನೆನಪು ಮಾಡಿಕೊಳ್ಳಿ. ‘ದುಃಖ’ ಅನ್ನುವ ಪದವನ್ನು ವಿಸರ್ಗ ಬಿಡದೆ ನಿಧಾನವಾಗಿ ಹೇಳಿದರೂ ಅದು ಸಿಗುತ್ತದೆ. ನಮ್ಮ ಹಳೆಯ ವ್ಯಾಕರಣಕಾರರು ಇದಕ್ಕೆ ಜಿಹ್ವಾಮೂಲೀಯ ಎಂದು ಹೆಸರನ್ನೇ ಇಟ್ಟಿದ್ದರು. ಇಂಗ್ಲೆಂಡಿನ ಬರಹಗಾರರು, ಮುಖ್ಯವಾಗಿ 1066ರಲ್ಲಿ ನಾರ್ಮನ್ನರು ಗೆದ್ದ ಮೇಲಿನ ಕಾಲದವರು, ಈ ದನಿಯನ್ನು ಜಿ-ಎಚ್ ಎಂದು ಬರೆಯುವ ರೂಢಿ ತಂದರು. ಅಂದರೆ ಆಗ ಜಿ-ಎಚ್ ಮೂಕ ಅಕ್ಷರ ಆಗಿರಲಿಲ್ಲ. ಬರೆದಂತೆಯೇ ಓದುತ್ತಿದ್ದರು.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಇಟ್ಟ. ಅಚ್ಚಿನ ಪುಸ್ತಕ ಹರಡುತ್ತಾ ಹೋದಂತೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಯಿತು. ಬಾಯಿ ಮಾತ್ರ ಬದಲಾಗುತ್ತಲೇ ಇತ್ತು. ಆ ಗಂಟಲ ದನಿ ಕೆಲವು ಪದಗಳಲ್ಲಿ ಸದ್ದಿಲ್ಲದೆ ಮಾಯವಾಯಿತು, ಕೆಲವು ಪದಗಳಲ್ಲಿ ತುಟಿಗೆ ಜಾರಿ ‘ಫ್’ ಆಯಿತು. ಗಂಟಲ ದನಿ ತುಟಿಗೆ ಬರುತ್ತದಾ ಅನ್ನಬೇಡಿ. ‘ಅಂತಃಪುರ’ ಅನ್ನಿ. ಪ ಮುಂದಿರುವಾಗ ವಿಸರ್ಗದ ಉಸಿರು ತುಟಿಯಲ್ಲಿ ‘ಫ್’ ಥರ ಹೊರಡುತ್ತದೆ. ಇದಕ್ಕೂ ಹಳಬರು ಉಪಧ್ಮಾನೀಯ ಎಂಬ ಹೆಸರು ಇಟ್ಟಿದ್ದರು.

ನಮ್ಮಲ್ಲೂ ದನಿಗಳು ಬದಲಾಗಿವೆ. ಹಳಗನ್ನಡದ ‘ಪಾಲ್’ ಇವತ್ತು ‘ಹಾಲು’, ‘ಪುಲಿ’ ಇವತ್ತು ‘ಹುಲಿ’. ಆದರೆ ನಾವು ಬಾಯಿ ಬದಲಾದಾಗ ಬರಹವನ್ನೂ ಬದಲಾಯಿಸಿದೆವು. ‘ಪುಲಿ’ ಅಂತ ಬರೆದು ‘ಹುಲಿ’ ಅಂತ ಓದಿ ಎಂದು ಮಕ್ಕಳಿಗೆ ಹೇಳಿದ್ದರೆ ಹೇಗಿರುತ್ತಿತ್ತು? ಇಂಗ್ಲಿಷ್ ಮಾಡಿದ್ದು ಅದನ್ನೇ. ಆದ್ದರಿಂದ ಈ ಪದಗಳನ್ನು ತಪ್ಪಾಗಿ ಓದಿದ ಮಗುವನ್ನು ನೋಡಿ ಯಾರೂ ನಗಬಾರದು.

ಎರಡನೆಯದು: ಬಾಯಲ್ಲಿ ಆಗಲೇ ಇರುವ ಪದಗಳಿಂದ ಶುರು ಮಾಡಿ

‘ಪೇಪರ್ ತುಂಬಾ ಟಫ್ ಇತ್ತು.’ ‘ರಫ್ ಬುಕ್ ಎಲ್ಲಿ?’ ‘ಸಾಕು, ಇನಫ್.’ ಈ ಮೂರು ಪದ ಕನ್ನಡದ ಮನೆಗಳಲ್ಲಿ ದಿನಾ ಕೇಳುತ್ತವೆ. ಟಿ ಹಾಕಿದರೆ ಟಫ್, ಅಂದರೆ ಕಷ್ಟ ಅಥವಾ ಗಟ್ಟಿ. ಆರ್ ಹಾಕಿದರೆ ರಫ್, ಅಂದರೆ ಒರಟು. ಇ-ಎನ್ ಹಾಕಿದರೆ ಇನಫ್, ಅಂದರೆ ಸಾಕಷ್ಟು. ನೋಟ್‌ಬುಕ್ಕಿನ ಮೊದಲ ಪುಟದ ಮೇಲೆ ‘ಅಫ್’ ಎಂದು ಬರೆದು ಈ ಮೂರನ್ನು ಇಳಿಸಿ.

ಅದರ ಪಕ್ಕದಲ್ಲೇ ‘ಆಫ್’ ಅನ್ನುವ ಸಾಲು. ಇದರಲ್ಲಿ ಎರಡೇ ಪದ. ಸಿ ಹಾಕಿದರೆ ಕಾಫ್, ಕೆಮ್ಮು. ಕಾಫ್ ಸಿರಪ್ ಬಾಟಲಿ ಮನೆಯಲ್ಲಿದ್ದರೆ ಅದರ ಮೇಲಿನ ಹೆಸರನ್ನು ನೋಡಿ ಬರೆಯಿರಿ. ಟಿ-ಆರ್ ಹಾಕಿದರೆ ಟ್ರಾಫ್. ದನಗಳಿಗೆ ನೀರು, ಕಲಗಚ್ಚು ಇಡುವ ಉದ್ದನೆಯ ಬಾನಿ ಅಥವಾ ತೊಟ್ಟಿ. ಪಿಯುಸಿ ಭೌತಶಾಸ್ತ್ರದಲ್ಲಿ ಅಲೆಯ ತಗ್ಗಿಗೂ ಇದೇ ಪದ. ಮಳೆಗಾಲದಲ್ಲಿ ಕರಾವಳಿಯ ಹವಾಮಾನ ವರದಿ ಓದುವವರಿಗೂ ಇದು ಪರಿಚಯ. ವಾಯುಭಾರ ಕಡಿಮೆ ಇರುವ ಉದ್ದನೆಯ ಪಟ್ಟಿಯನ್ನು ಟ್ರಾಫ್ ಅನ್ನುತ್ತಾರೆ. ನಕ್ಷೆಯಲ್ಲಿ ಅದು ಬಾನಿಯ ಹಾಗೆ ಉದ್ದಕ್ಕೆ ಕಾಣುತ್ತದೆ. ಕೆಲವರು ಇದನ್ನು ‘ಟ್ರಫ್’ ಅನ್ನುತ್ತಾರೆ. ‘ಕಾಫ್’ಗೆ ಜೋಡಿ ಮಾಡಿಟ್ಟುಕೊಂಡರೆ ಆ ತಪ್ಪು ಆಗುವುದಿಲ್ಲ.

ಮೂರನೆಯದು: ಟಿ ಬಾಲದ ದೊಡ್ಡ ಕುಟುಂಬ

ಜಾಸ್ತಿ ಸಮಯ ಇಲ್ಲಿ ಕೊಡಿ. ಓ-ಯು-ಜಿ-ಎಚ್ ಆದ ಮೇಲೆ ಟಿ ಬಂದರೆ ಜಿ-ಎಚ್ ಮೌನ. ಸ್ವರ ‘ಆ’ಗೂ ‘ಓ’ಗೂ ನಡುವಿನದು. ‘ಕಾಲ್ ಮಾಡು’, ‘ಬಾಲ್ ಎಸಿ’ ಅನ್ನುವಾಗ ಬರುವ ಸ್ವರವೇ ಅದು.

ಇವುಗಳಲ್ಲಿ ಹೆಚ್ಚಿನವು ಭೂತಕಾಲದ ಕ್ರಿಯಾಪದಗಳು. ಥಿಂಕ್‌ಗೆ ಥಾಟ್, ಯೋಚಿಸಿದ. ‘ಯೋಚನೆ’ ಅನ್ನುವ ನಾಮಪದವಾಗಿಯೂ ಅದೇ ಪದ. ಬೈಗೆ ಬಾಟ್, ಕೊಂಡ. ಬ್ರಿಂಗ್‌ಗೆ ಬ್ರಾಟ್, ತಂದ. ಫೈಟ್‌ಗೆ ಫಾಟ್, ಹೋರಾಡಿದ. ಸೀಕ್‌ಗೆ ಸಾಟ್, ಹುಡುಕಿದ ಅಥವಾ ಬೇಡಿದ.

ಬಾಟ್ ಮತ್ತು ಬ್ರಾಟ್ ಅದಲುಬದಲಾಗುವುದು ಪರೀಕ್ಷೆಯಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು. ‘ಅಮ್ಮ ತರಕಾರಿ ತಂದಳು’ ಎಂದು ಬರೆಯಲು ಹೋಗಿ ‘ಕೊಂಡಳು’ ಎಂದು ಬರೆದಿರುತ್ತಾರೆ. ಉಪಾಯ ಸುಲಭ. ಬ್ರಿಂಗ್‌ನಲ್ಲಿ ಆರ್ ಇದೆ, ಬ್ರಾಟ್‌ನಲ್ಲೂ ಆರ್ ಇದೆ. ಬೈನಲ್ಲಿ ಆರ್ ಇಲ್ಲ, ಬಾಟ್‌ನಲ್ಲೂ ಇಲ್ಲ.

ಇನ್ನೊಂದು ತೊಡಕು ಇದೆ. ಟೀಚ್‌ಗೆ ಟಾಟ್, ಕ್ಯಾಚ್‌ಗೆ ಕಾಟ್. ದನಿ ಇದೇ, ಆದರೆ ಅಲ್ಲಿ ಓ ಬದಲು ಎ ಬರುತ್ತದೆ. ಯಾವುದಕ್ಕೆ ಓ, ಯಾವುದಕ್ಕೆ ಎ? ಮೂಲ ಕ್ರಿಯಾಪದವನ್ನೇ ನೋಡಿ. ಟೀಚ್ ಮತ್ತು ಕ್ಯಾಚ್ ಎರಡರ ಸ್ಪೆಲ್ಲಿಂಗಿನಲ್ಲೂ ಎ ಇದೆ, ಆದ್ದರಿಂದ ಭೂತಕಾಲಕ್ಕೂ ಎ. ಬೈ, ಬ್ರಿಂಗ್, ಫೈಟ್, ಸೀಕ್, ಥಿಂಕ್ ಯಾವುದರಲ್ಲೂ ಎ ಇಲ್ಲ, ಆದ್ದರಿಂದ ಓ. ಈ ಒಂದು ಗುರುತು ಹೇಳಿಕೊಟ್ಟ ದಿನದಿಂದ ನಮ್ಮ ಮನೆಗೆ ಬರುವ ಮಕ್ಕಳಲ್ಲಿ ಈ ತಪ್ಪು ನಿಂತೇ ಹೋಯಿತು.

ಈ ಕುಟುಂಬದಲ್ಲಿ ಕಡಿಮೆ ಬಳಕೆಯ ಪದಗಳೂ ಇವೆ. ಮುಂದೆ ಏನೂ ಹಾಕದಿದ್ದರೆ ‘ಆಟ್’. ‘ಆಟ್ ಟು’ ಅಂದರೆ ಮಾಡಲೇಬೇಕಾದದ್ದು. ಇದು ‘ಓ’ (ಓ-ಡಬ್ಲ್ಯು-ಇ) ಎಂಬ ಕ್ರಿಯಾಪದದ, ಅಂದರೆ ಋಣಿಯಾಗಿರು ಎಂಬ ಪದದ ಹಳೆಯ ಭೂತಕಾಲ. ಋಣ ಇದ್ದದ್ದೇ ಕರ್ತವ್ಯ ಆಯಿತು. ಎನ್ ಹಾಕಿದರೆ ‘ನಾಟ್’, ಸೊನ್ನೆ. ಡಬ್ಲ್ಯು-ಆರ್ ಹಾಕಿದರೆ ‘ರಾಟ್’. ಮನೆಗೆ ಗೇಟ್ ಮಾಡಿಸುವಾಗ ‘ರಾಟ್ ಐರನ್’ ಅನ್ನುತ್ತಾರಲ್ಲ, ಅದೇ. ಇದು ‘ವರ್ಕ್’ ಪದದ ಹಳೆಯ ಭೂತಕಾಲ. ಬಡಿದು, ಬಗ್ಗಿಸಿ ಕೆಲಸ ಮಾಡಿದ ಕಬ್ಬಿಣ ಎಂದರ್ಥ. ಡಬ್ಲ್ಯು ಓದುವುದಿಲ್ಲ.

ಇನ್ನು ಹೊರತಾದವು. ಡ್ರೌಟ್, ಬರಗಾಲ. ‘ಡೌಟಿ’ ಎಂಬ ಹಳೆಯ ಪದವೂ ಇದೆ, ಧೀರ ಎಂದರ್ಥ, ಆದರೆ ಪತ್ರಿಕೆಗಳಲ್ಲಿ ಅಪರೂಪ. ಡ್ರೌಟನ್ನು ಮಾತ್ರ ಚೆನ್ನಾಗಿ ಕಲಿಯಬೇಕು. ಮಳೆ ಕೈಕೊಟ್ಟ ವರ್ಷ ಇಂಗ್ಲಿಷ್ ಪತ್ರಿಕೆಯಲ್ಲಿ ಜಿಲ್ಲೆ, ತಾಲ್ಲೂಕುಗಳ ಹೆಸರಿನ ಜೊತೆ ಈ ಪದ ಮತ್ತೆ ಮತ್ತೆ ಬರುತ್ತದೆ. ಇದು ‘ಡ್ರೈ’, ಅಂದರೆ ಒಣ, ಎಂಬ ಪದದ ಒಡಹುಟ್ಟು. ಡ್ರೈ, ಡ್ರೌಟ್ ಎಂದು ಜೋಡಿಯಾಗಿ ಹೇಳಿ. ‘ಹೌದು’ ಪದದ ಔ ಇಲ್ಲಿದೆ.

ನಾಲ್ಕನೆಯದು: ಔ ಸಾಲು, ಓ ಸಾಲು, ಮತ್ತು ನಮ್ಮ ಹಳೆಯ ನೆಂಟರು

ಔ ದನಿಯಲ್ಲಿ ಡ್ರೌಟ್ ಜೊತೆ ಇನ್ನೆರಡು ಪದ. ಪಿ-ಎಲ್ ಹಾಕಿದರೆ ಪ್ಲೌ, ನೇಗಿಲು ಅಥವಾ ಉಳುವುದು. ನಾವು ಸಪ್ತರ್ಷಿ ಮಂಡಲ ಎನ್ನುವ ಏಳು ನಕ್ಷತ್ರಗಳನ್ನು ಬ್ರಿಟನ್ನಿನಲ್ಲಿ ‘ಪ್ಲೌ’ ಅನ್ನುತ್ತಾರೆ. ಅಮೆರಿಕದವರು ಇದೇ ಪದವನ್ನು ಪಿ-ಎಲ್-ಓ-ಡಬ್ಲ್ಯು ಎಂದು ಬರೆಯುತ್ತಾರೆ. ಬಿ ಹಾಕಿದರೆ ಬೌ, ಮರದ ದೊಡ್ಡ ಕೊಂಬೆ.

ಓ ದನಿಯ ಸಾಲಿನಲ್ಲಿ ದೋ ಮತ್ತು ಆಲ್‌ದೋ, ಎರಡಕ್ಕೂ ‘ಆದರೂ’ ಎಂಬ ಅರ್ಥ. ಮೊದಲ ದನಿ ನಮ್ಮ ‘ದ’ಗೆ ಹತ್ತಿರ. ಡಿ ಹಾಕಿದರೆ ‘ಡೋ’, ನಾದಿದ ಹಿಟ್ಟು. ಹೋಳಿಗೆಗೆ ಕಲಸಿಟ್ಟ ಕಣಕವೂ ಡೋ, ಚಪಾತಿ ಹಿಟ್ಟೂ ಡೋ. ಅದರಿಂದಲೇ ಡೋನಟ್. ಫರ್ಲೋ ಕೂಡ ಇದೇ ಸಾಲು. ಜೈಲಿನಲ್ಲಿರುವವರಿಗೆ ಕೊಡುವ ರಜೆಯ ಸುದ್ದಿಯಲ್ಲಿ ಈ ಪದ ಬರುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಬ್ರಿಟನ್ ಸರ್ಕಾರ ಕೆಲಸವಿಲ್ಲದೆ ಮನೆಯಲ್ಲಿ ಕೂತ ನೌಕರರ ಸಂಬಳದ 80 ಶೇಕಡಾವರೆಗೆ ಕೊಟ್ಟಿತು. ಅಲ್ಲಿರುವ ಕನ್ನಡಿಗರ ಮನೆಗಳಲ್ಲೂ ಆಗ ‘ಫರ್ಲೋ’ ದಿನದ ಮಾತಾಗಿತ್ತು. ಈ ಪದ ಡಚ್ ಭಾಷೆಯಿಂದ ಬಂದದ್ದು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಂಗ್ಲಿಷ್ ಮತ್ತು ಸಂಸ್ಕೃತ ದೂರದ ನೆಂಟರು. ಆ ನೆಂಟಸ್ತಿಕೆಯ ಗುರುತು ಈ ಜಿ-ಎಚ್‌ನಲ್ಲೂ ಉಳಿದಿದೆ. ಬೌ, ಅಂದರೆ ಮರದ ಕೊಂಬೆ, ಮೊದಲು ತೋಳು, ಭುಜ ಎಂಬ ಅರ್ಥದಲ್ಲಿತ್ತು. ಅದಕ್ಕೆ ನೆಂಟ ಸಂಸ್ಕೃತದ ‘ಬಾಹು’. ಕೊಂಬೆ ಅಂದರೆ ಮರದ ತೋಳು ತಾನೇ? ಡೋಗೆ ನೆಂಟ ‘ದೇಹ’. ಎರಡರ ಬೇರಿನಲ್ಲೂ ಮೆತ್ತಿ, ನಾದಿ, ರೂಪ ಕೊಡುವ ಅರ್ಥವಿದೆ. ಎ-ಯು-ಜಿ-ಎಚ್ ಇರುವ ‘ಡಾಟರ್’, ಮಗಳು, ಅದಕ್ಕೆ ನೆಂಟ ‘ದುಹಿತೃ’. ಮೂರನ್ನೂ ಪಕ್ಕಪಕ್ಕ ಬರೆದು ನೋಡಿ. ಬಾಹು, ದೇಹ, ದುಹಿತೃ. ಇಂಗ್ಲಿಷಿನಲ್ಲಿ ಜಿ-ಎಚ್ ಇರುವ ಜಾಗದಲ್ಲಿ ಸಂಸ್ಕೃತದಲ್ಲಿ ‘ಹ’ ಇದೆ. ಒಂದೇ ಹಳೆಯ ದನಿ ಎರಡು ಕಡೆ ಎರಡು ರೂಪ ತಾಳಿತು. ಟ್ರಾಫ್ ಕೂಡ ‘ಟ್ರೀ’ ಪದದ ಕುಟುಂಬದ್ದು, ಸಂಸ್ಕೃತದ ‘ದಾರು’ ಅದೇ ಬೇರಿನದು. ಆ ಬಾನಿಯನ್ನು ಮೊದಲು ಮರದಲ್ಲಿ ಕೊರೆಯುತ್ತಿದ್ದರು. ದೇವದಾರು ಗೊತ್ತಿರುವವರಿಗೆ ಟ್ರಾಫ್ ಮರೆಯಬಾರದು.

ಜರ್ಮನಿಯಲ್ಲಿರುವ ಕನ್ನಡಿಗರಿಗೆ ಇನ್ನೊಂದು ಸಹಾಯ ಇದೆ. ಅಲ್ಲಿ ಆ ಗಂಟಲ ದನಿ ಇವತ್ತೂ ಬದುಕಿದೆ. ಇಂಗ್ಲಿಷಿನ ಡಾಟರ್ ಅಲ್ಲಿ ‘ಟೊಖ್ಟರ್’, ಬ್ರಾಟ್ ಅಲ್ಲಿ ‘ಬ್ರಾಖ್ಟೆ’, ಥಾಟ್ ಅಲ್ಲಿ ‘ಡಾಖ್ಟೆ’. ಇಂಗ್ಲಿಷಿನಲ್ಲಿ ಜಿ-ಎಚ್ ಹಾಕಬೇಕಾ ಬೇಡವಾ ಅನ್ನುವ ಅನುಮಾನ ಬಂದರೆ ಜರ್ಮನ್ ಪದವನ್ನು ಒಮ್ಮೆ ಹೇಳಿ ನೋಡಿ.

ಐದನೆಯದು: ಒಂಟಿ ಪದಗಳು

ಥ್ರೂ ಒಂದೇ ಒಂದು, ‘ಮೂಲಕ’ ಅಥವಾ ‘ಒಳಗಿಂದ ಹಾದು’. ಥ್ರೂಔಟ್ ಅದರ ಮಗು, ‘ಉದ್ದಕ್ಕೂ’. ಹೆದ್ದಾರಿ ಪಕ್ಕದ ಬೋರ್ಡುಗಳಲ್ಲಿ ‘ಡ್ರೈವ್ ಥ್ರೂ’ ಎಂದು ಟಿ-ಎಚ್-ಆರ್-ಯು ಮಾತ್ರ ಬರೆದಿರುತ್ತದೆ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1906ರಲ್ಲಿ 300 ಪದಗಳ ಸ್ಪೆಲ್ಲಿಂಗ್ ಸರಳ ಮಾಡಿ ಸರ್ಕಾರಿ ಅಚ್ಚುಕೂಟಕ್ಕೆ ಆದೇಶ ಕೊಟ್ಟಿದ್ದರು. ಈ ಚಿಕ್ಕ ಥ್ರೂ ಆ ಪಟ್ಟಿಯಲ್ಲಿತ್ತು. ಸಂಸತ್ತು ವಿರೋಧಿಸಿತು, ಅದೇ ವರ್ಷ ಆದೇಶ ಹಿಂದೆ ಹೋಯಿತು. ಬೋರ್ಡಿನಲ್ಲಿ ಉಳಿದಿದೆ. ಪರೀಕ್ಷೆಯಲ್ಲಿ ಬರೆಯಬೇಡಿ.

‘ಸಂಪೂರ್ಣವಾದ, ಕೂಲಂಕಷವಾದ’ ಎಂಬ ಪದವನ್ನು ಬ್ರಿಟಿಷರು ‘ಥರ’ ಅನ್ನುತ್ತಾರೆ, ಅಮೆರಿಕದವರು ‘ಥರೋ’. ಯಾವುದಾದರೂ ಸರಿ. ಇದೂ ಥ್ರೂ ಕೂಡ ಒಂದು ಕಾಲಕ್ಕೆ ಒಂದೇ ಪದವಾಗಿದ್ದವು. ಕೊನೆಯ ತನಕ ಹಾದು ಹೋದರೆ ಅದು ಸಂಪೂರ್ಣ. ಇದೇ ದನಿಯ ಇನ್ನೊಂದು ಪದ ‘ಬರ’, ಅಮೆರಿಕದಲ್ಲಿ ‘ಬರೋ’. ನಗರದೊಳಗಿನ ಆಡಳಿತ ವಿಭಾಗ. ಲಂಡನ್ನಿನಲ್ಲಿ ಇಂಥವು 32. ನ್ಯೂಯಾರ್ಕಿನಲ್ಲಿ ಮ್ಯಾನ್‌ಹಟನ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ಸ್ಟಾಟನ್ ಐಲೆಂಡ್ ಎಂದು ಐದು.

ಬಿಕ್ಕಳಿಕೆಗೆ ‘ಹಿಕಪ್’. ಮೊದಲಿದ್ದ ಸ್ಪೆಲ್ಲಿಂಗ್ ಯು-ಪಿ. ಇದೂ ಒಂಥರಾ ಕೆಮ್ಮು ಅಂದುಕೊಂಡು ಯಾರೋ ಕಾಫ್ ಪದವನ್ನು ಅದರೊಳಗೆ ಸೇರಿಸಿದರು. ಯು-ಪಿ ಎಂದೇ ಬರೆಯಿರಿ.

ಆರನೆಯದು: ಮೆಟ್ಟಿಲು ಆಟ

ಈಗ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಟಫ್ ಬರೆಯಿರಿ, ಐದು ಅಕ್ಷರ. ಟಿ ಆದ ಮೇಲೆ ಎಚ್ ಸೇರಿಸಿ, ಅದು ದೋ ಆಯಿತು. ಎಚ್ ಆದ ಮೇಲೆ ಆರ್ ಸೇರಿಸಿ, ಥ್ರೂ ಆಯಿತು. ಆ ಎಚ್‌ಗೂ ಆರ್‌ಗೂ ನಡುವೆ ಒಂದು ಓ ಸೇರಿಸಿ, ಥರೋ ಆಯಿತು. ಪ್ರತಿ ಮೆಟ್ಟಿಲಿಗೂ ಒಂದೇ ಅಕ್ಷರ. ಮತ್ತೆ ದೋಗೆ ಹಿಂದಿರುಗಿ ಕೊನೆಗೆ ಟಿ ಹಾಕಿ, ಥಾಟ್. ಕಷ್ಟ, ಆದರೂ, ಮೂಲಕ, ಸಂಪೂರ್ಣ, ಯೋಚನೆ ಎಂದು ಅರ್ಥವನ್ನೂ ಜೋರಾಗಿ ಹೇಳುತ್ತಾ ಬರೆಯಿರಿ. ಸುಮ್ನೆ ಕಣ್ಣಲ್ಲಿ ಓದಿದರೆ ಈ ಐದು ಮತ್ತೆ ಮತ್ತೆ ಕಲಸಿಹೋಗುತ್ತವೆ. ಒಂದು ಸೂಚನೆ: ಥ್ರೂ, ಥಾಟ್, ಥರೋ ಹೇಳುವಾಗ ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಗಾಳಿ ಹೊರಡಬೇಕು. ನಮ್ಮ ಮಹಾಪ್ರಾಣ ‘ಥ’ ಅಷ್ಟು ಗಟ್ಟಿ ಬೇಡ.

ಆಮೇಲೆ ಮನೆಯವರಿಂದ ಈ ಮೂರು ವಾಕ್ಯ ಓದಿಸಿಕೊಂಡು, ಕೇಳಿ ಇಂಗ್ಲಿಷಿನಲ್ಲಿ ಬರೆಯಿರಿ.

‘ದೋ ದ ರೋಡ್ ವಾಸ್ ರಫ್, ವಿ ಗಾಟ್ ಥ್ರೂ.’ ರಸ್ತೆ ಒರಟಾಗಿದ್ದರೂ ನಾವು ದಾಟಿದೆವು.

‘ಐ ಥಾಟ್ ಶಿ ಬ್ರಾಟ್ ಇನಫ್ ಡೋ.’ ಅವಳು ಸಾಕಷ್ಟು ಹಿಟ್ಟು ತಂದಳು ಅಂದುಕೊಂಡೆ.

‘ಆಫ್ಟರ್ ದ ಡ್ರೌಟ್, ಹಿ ಬಾಟ್ ಎ ಪ್ಲೌ.’ ಬರಗಾಲ ಕಳೆದ ಮೇಲೆ ಅವನು ನೇಗಿಲು ಕೊಂಡ.

ಬರೆದ ಪ್ರತಿ ಪದವನ್ನೂ ಮೊಬೈಲಿನ ನಿಘಂಟಿನಲ್ಲಿ ಹುಡುಕಿ ಸ್ಪೀಕರ್ ಗುರುತು ಒತ್ತಿ ಕೇಳಿ. ತಪ್ಪಾದ ಪದವನ್ನು ಹೊಡೆದು ಹಾಕಬೇಡಿ, ಅದರ ಪಕ್ಕ ಸರಿಯಾದದ್ದನ್ನು ಬರೆಯಿರಿ. ಮರುದಿನ ಆ ಪದಗಳಿಂದಲೇ ಶುರು ಮಾಡಿ. ನಾಲ್ಕನೇ ದಿನದ ಹೊತ್ತಿಗೆ ಪಟ್ಟಿ ಎಷ್ಟು ಚಿಕ್ಕದಾಗುತ್ತದೆ ನೋಡಿ.

ಕೊನೆಯದಾಗಿ ಊರಿನ ಹೆಸರುಗಳು

ಇಂಗ್ಲೆಂಡಿಗೆ ಓದಲು, ಕೆಲಸಕ್ಕೆ ಹೋಗುವವರಿಗೆ ಇದು ಬೇಕಾಗುತ್ತದೆ. ಊರಿನ ಹೆಸರಿನಲ್ಲಿ ಮೇಲಿನ ಸಾಲುಗಳನ್ನು ಪೂರ್ತಿ ನಂಬಬೇಡಿ. ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೋ ವಿಮಾನ ನಿಲ್ದಾಣದ ಹತ್ತಿರ ಎಸ್-ಎಲ್ ಹಾಕಿದ ಊರೊಂದಿದೆ. ಅದು ‘ಸ್ಲೌ’, ಪ್ಲೌ ಥರ. ಅದೇ ಅಕ್ಷರಗಳ ಸಾಮಾನ್ಯ ಪದವನ್ನು ‘ಸ್ಲಫ್’ ಎಂದು ಓದಿದರೆ ಹಾವು ಪೊರೆ ಬಿಡುವುದು ಎಂದರ್ಥ. ಕ್ರೀಡೆಗೆ ಹೆಸರಾದ ವಿಶ್ವವಿದ್ಯಾಲಯವಿರುವ ಲಫ್‌ಬರದಲ್ಲಿ ಓ-ಯು-ಜಿ-ಎಚ್ ಎರಡು ಸಲ ಬರುತ್ತದೆ. ಮೊದಲನೆಯದು ‘ಅಫ್’, ಎರಡನೆಯದು ‘ಅ’. ಐರ್ಲೆಂಡಿನ ಕೆರೆ, ಸರೋವರಗಳ ಹೆಸರಿನ ಮುಂದೆ ಬರುವ ಎಲ್-ಓ-ಯು-ಜಿ-ಎಚ್ ಮಾತ್ರ ‘ಲಾಖ್’. ಸಾವಿರ ವರ್ಷದ ಹಿಂದಿನ ಇಂಗ್ಲಿಷರ ಬಾಯಲ್ಲಿದ್ದ ಆ ಗಂಟಲ ಖ ಅಲ್ಲಿನವರ ಬಾಯಲ್ಲಿ ಇಂದಿಗೂ ಕೇಳುತ್ತದೆ. ಹೊಸ ಊರಿಗೆ ಹೋದಾಗ ಬಸ್ಸಿನಲ್ಲಿ ಪಕ್ಕ ಕೂತವರನ್ನು ‘ನಿಮ್ಮೂರಿನ ಹೆಸರನ್ನು ನೀವು ಹೇಗೆ ಹೇಳುತ್ತೀರಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ.